ಹೃದಯಸಂಜ್ಞೆಯ ಫಲಕ: ಅದರ ರಚನೆಯಲ್ಲಿ ಅಡಗಿರುವ ನಿರ್ಣಯಗಳು

ಹೃದಯವು ಸಂಕೋಚಗೊಳ್ಳುವ ಮೊದಲು ಅದರ ಸ್ನಾಯುಗಳಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ ಸಂಚಾರವೊಂದು ಉಂಟಾಗುವುದೆಂಬುದೂ, ಆ ಸಂಚಾರದ ಕುರುಹನ್ನು ಮೈಮೇಲಣ ಚರ್ಮದಿಂದಲೇ ಗ್ರಹಿಸಿ ಕಾಗದದ ಮೇಲೆ ಗೆರೆಯಾಗಿ ಇಳಿಸಬಹುದೆಂಬುದೂ ಈಗ ಎಲ್ಲರೂ ಬಲ್ಲ ಸಂಗತಿಗಳು. ಒಂದು ಕಾಲಕ್ಕೆ ಎರಡು ಕೊಠಡಿಗಳನ್ನು ತುಂಬುತ್ತಿದ್ದ ಈ ಕಾರ್ಯದ ಉಪಕರಣವು ಇಂದು ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಚಿಪ್‌ನೊಳಗೆ ಅಡಗಿದೆ. ಆದರೆ ಅಂತಹ ಚಿಪ್ ಒಂಟಿಯಾಗಿ ಯಾವ ಉಪಯೋಗಕ್ಕೂ ಬಾರದು. ಅದನ್ನು ಒಂದು ಸಣ್ಣ ಫಲಕದ ಮೇಲೆ ಕೂರಿಸಿ, ಸುತ್ತಲೂ ರೋಧಕ, ಧಾರಕ, ತಂತಿಯ ಕೀಲು ಮುಂತಾದುವನ್ನು ಜೋಡಿಸಿದಾಗ ಮಾತ್ರ ವಿದ್ಯಾರ್ಥಿಯ ಕೈಗೆ ಅದು ಒದಗುವುದು. ಈ ಫಲಕಕ್ಕೆ ಬ್ರೇಕ್‌ಔಟ್ ಬೋರ್ಡ್ ಎಂದು ಹೆಸರು. ಚಿಪ್‌ನ ಗುಣಗಳನ್ನು ಅದರ ತಯಾರಕರು ವಿಸ್ತಾರವಾಗಿ ಬರೆದಿರುತ್ತಾರೆ. ಫಲಕವನ್ನು ರಚಿಸಿದವನು ಏನನ್ನು ಉಳಿಸಿದ, ಏನನ್ನು ಬಿಟ್ಟ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಆ ವಿಚಾರವೇ ಪ್ರಕೃತ ಲೇಖನದ ವಸ್ತು.

ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೆಲವರಾದರೂ ಕೇಳಬಹುದು. ಉತ್ತರ ಸರಳವಾಗಿದೆ. ಹೃದಯದ ಗೆರೆಯೂ ಒಂದು ದಾಖಲೆ. ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ನಾವು 'ಎಪಿಗ್ರಾಫಿಯಾ ಕರ್ನಾಟಿಕ'ದ ೧೧ನೆಯ ಸಂಪುಟದಲ್ಲಿ ಓದುವಾಗ, ಕಲ್ಲಿಗೂ ನಮಗೂ ನಡುವೆ ಅಚ್ಚು ತೆಗೆದವನ ಕೈಯೊಂದು ಇದೆಯೆಂಬುದನ್ನು ಮರೆಯಲಾಗದು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಹಚ್ಚಿದಾಗ ಆಳವಾದ ಅಕ್ಷರಗಳು ಚೆನ್ನಾಗಿ ಮೂಡುವುವು; ಸವೆದು ತೆಳುವಾದುವು ಮರೆಯಾಗಬಹುದು. ಅಚ್ಚಿನಲ್ಲಿ ಇಲ್ಲದ ಮಾತ್ರಕ್ಕೆ ಕಲ್ಲಿನಲ್ಲಿಯೂ ಇಲ್ಲವೆಂದು ತೀರ್ಮಾನಿಸುವವನು ಇತಿಹಾಸಕಾರನಲ್ಲ. ಹೃದಯಸಂಜ್ಞೆಯ ಫಲಕವೂ ಇಂತಹುದೇ ಒಂದು ಕೈ. ಅದು ಏನನ್ನು ಬಿಡುತ್ತದೆಂಬುದನ್ನು ಅರಿಯದೆ ಅದರ ಗೆರೆಯನ್ನು ಓದುವುದು ಅಪಾಯಕರ.

ವಿಷಯವನ್ನು ನೆಲದ ಮೇಲೆ ನಿಲ್ಲಿಸುವುದಕ್ಕಾಗಿ ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನು ತೆಗೆದುಕೊಳ್ಳೋಣ. ಕೆರೆ, ಕಾಡು ಮತ್ತು ಸ್ಕೌಟ್ಸ್ ಹಾಗೂ ಗೈಡ್ಸ್ ತರಬೇತಿ ಶಿಬಿರಗಳಿಂದ ಹೆಸರಾದ ಊರು ಅದು. ಶಿಬಿರಕ್ಕೆ ಬಂದ ವಿದ್ಯಾರ್ಥಿಯೊಬ್ಬನು ಕೆರೆಯ ಏರಿಯ ಮೇಲೆ ಓಡಿ ಬಂದು, ತನ್ನ ಹೃದಯದ ಬಡಿತ ಎಷ್ಟು ಹೊತ್ತಿನಲ್ಲಿ ಮೊದಲಿನ ಗತಿಗೆ ಇಳಿಯುವುದೆಂದು ಅಳೆಯಬೇಕೆಂದಿದ್ದಾನೆಂದು ಭಾವಿಸೋಣ. ಅದೇ ಊರಿನ ರೈತನೊಬ್ಬನಿಗೆ ನಡುರಾತ್ರಿಯಲ್ಲಿ ಎದೆನೋವು ಬಂದಿದೆಯೆಂದೂ ಭಾವಿಸೋಣ. ಆತನನ್ನು ಕೂಡಲೇ ದಾವಣಗೆರೆಗೆ ಸಾಗಿಸಬೇಕೋ, ಬೆಳಗಿನವರೆಗೆ ಕಾಯಬಹುದೋ ಎಂಬುದು ಮನೆಯವರ ಪ್ರಶ್ನೆ. ಇಬ್ಬರ ಎದೆಯಿಂದಲೂ ಬರುವುದು ಒಂದೇ ಬಗೆಯ ಸಂಜ್ಞೆ. ಆದರೆ ಒಬ್ಬನಿಗೆ ಬೇಕಾದುದು ಬಡಿತ ಬಡಿತಗಳ ನಡುವಣ ಕಾಲ. ಇನ್ನೊಬ್ಬನಿಗೆ ಬೇಕಾದುದು ಗೆರೆಯ ಆಕಾರ. ಮೊದಲನೆಯ ಪ್ರಶ್ನೆಗಾಗಿ ರಚಿಸಿದ ಫಲಕವು ಎರಡನೆಯದಕ್ಕೆ ಸುಳ್ಳು ಉತ್ತರವನ್ನು ಕೊಡಬಲ್ಲುದು.

೧. ಉಪಕರಣದ ಪೂರ್ವಕಥೆ

ಮನುಷ್ಯನ ಹೃದಯದ ವಿದ್ಯುತ್ ಸಂಚಾರವನ್ನು ಚರ್ಮದ ಮೇಲಿನಿಂದ ಮೊದಲು ದಾಖಲಿಸಿದವನು ಲಂಡನ್ನಿನ ಅಗಸ್ಟಸ್ ವಾಲರ್. ಇದು ೧೮೮೭ರ ಮಾತು. ಆತನು ಬಳಸಿದುದು ಪಾದರಸದ ಲೋಮನಾಳದ ಮಾಪಕ. ಪಾದರಸವು ಜಡವಾದ ದ್ರವ್ಯವಾದುದರಿಂದ ವೇಗವಾದ ಬದಲಾವಣೆಗಳನ್ನು ಅದು ಹಿಂಬಾಲಿಸಲಾರದೆ ಹೋಗುತ್ತಿತ್ತು. ದೊರೆತ ಗೆರೆ ಮೊಂಡಾಗಿರುತ್ತಿತ್ತು. ಹಾಲೆಂಡಿನ ಲೈಡನ್ ನಗರದ ವಿಲೆಮ್ ಐಂಥೋವನ್ ಈ ದೋಷವನ್ನು ಬೇರೆಯೇ ದೃಷ್ಟಿಯಿಂದ ನೋಡಿದನು. ಮಾಪಕವು ಸಂಜ್ಞೆಯನ್ನು ಎಷ್ಟು, ಹೇಗೆ ತಡಮಾಡುತ್ತದೆಂಬುದು ಗೊತ್ತಾದರೆ, ಕೆಟ್ಟ ಗೆರೆಯಿಂದ ನಿಜವಾದ ಗೆರೆಯನ್ನು ಗಣಿತದ ಮೂಲಕ ಮರಳಿ ಪಡೆಯಬಹುದೆಂಬುದು ಆತನ ತರ್ಕ. ೧೮೯೫ರಲ್ಲಿ ಹೀಗೆ ತಿದ್ದಿ ಪಡೆದ ಗೆರೆಯ ಏರಿಳಿತಗಳಿಗೆ ಆತನು ಇಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳೇ ಇಂದಿಗೂ ನಿಂತಿವೆ. ಆಮೇಲೆ, ೧೯೦೧ರಿಂದ ೧೯೦೩ರ ಅವಧಿಯಲ್ಲಿ, ಬೆಳ್ಳಿ ಲೇಪಿಸಿದ ಸ್ಫಟಿಕಶಿಲೆಯ ಎಳೆಯೊಂದನ್ನು ಬಲವಾದ ಕಾಂತದ ನಡುವೆ ತೂಗಿಬಿಟ್ಟ ತಂತು ಮಾಪಕವನ್ನು ಆತನು ಪ್ರಕಟಿಸಿದಾಗ, ಗಣಿತದಿಂದ ಪಡೆದ ಆಕಾರವನ್ನೇ ಉಪಕರಣವು ನೇರವಾಗಿ ಬರೆದು ತೋರಿಸಿತು. ಆ ಯಂತ್ರದ ತೂಕ ಸುಮಾರು ೨೭೦ ಕಿಲೋಗ್ರಾಂ. ನಡೆಸಲು ಐವರು ಬೇಕಾಗಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ರೋಗಿಗಳನ್ನು ಯಂತ್ರದ ಬಳಿಗೆ ತರುವುದು ಕಷ್ಟವಾದುದರಿಂದ, ೧೯೦೫ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಪ್ರಯೋಗಶಾಲೆಗೆ ದೂರವಾಣಿಯ ತಂತಿಯ ಮೂಲಕ ಸಂಜ್ಞೆಯನ್ನು ತರಿಸಿಕೊಳ್ಳಲಾಯಿತು. ೧೯೨೪ರಲ್ಲಿ ಐಂಥೋವನ್‌ಗೆ ನೊಬೆಲ್ ಪಾರಿತೋಷಕ ಸಂದಿತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಐಂಥೋವನ್ ಮೊದಲ ಗೆಲುವನ್ನು ಪಡೆದುದು ಉತ್ತಮವಾದ ಯಂತ್ರದಿಂದಲ್ಲ, ಕೆಟ್ಟ ಯಂತ್ರದ ದೋಷವನ್ನು ಸರಿಯಾಗಿ ಅರಿತುದರಿಂದ. ಫಲಕವನ್ನು ಬಳಸುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

೨. ಚಿಪ್ ಮತ್ತು ಫಲಕ

ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಪರಿಚಿತವಾದ ಮೂರು ಚಿಪ್‌ಗಳನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಅನಲಾಗ್ ಡಿವೈಸಸ್ ಸಂಸ್ಥೆಯ ಎಡಿ ೮೨೩೨ ಒಂದೇ ಸಂಜ್ಞೆಯನ್ನು ವರ್ಧಿಸಿ, ಶೋಧಿಸಿ, ವೋಲ್ಟೇಜಿನ ರೂಪದಲ್ಲಿಯೇ ಹೊರಗೆ ಕೊಡುವುದು. ಮ್ಯಾಕ್ಸಿಮ್ ಸಂಸ್ಥೆಯ ಮ್ಯಾಕ್ಸ್ ೩೦೦೦೩ ಒಂದೇ ಸಂಜ್ಞೆಯನ್ನು ೧೮ ಬಿಟ್‌ಗಳ ಅಂಕಿಯಾಗಿ ಮಾರ್ಪಡಿಸುವುದಲ್ಲದೆ, ಎರಡು ಆರ್ ಶಿಖರಗಳ ನಡುವಣ ಕಾಲವನ್ನು ತನ್ನೊಳಗೇ ಎಣಿಸಿ ಹೇಳುವುದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಡಿಎಸ್ ೧೨೯೨ಆರ್ ಎರಡು ಸಂಜ್ಞೆಗಳನ್ನು ೨೪ ಬಿಟ್‌ಗಳಲ್ಲಿ ಅಳೆಯುವುದು. ಅದರ ಹೆಸರಿನ ಕೊನೆಯ 'ಆರ್' ಅಕ್ಷರವು ಉಸಿರಾಟವನ್ನೂ ಅಳೆಯಬಲ್ಲುದೆಂಬುದರ ಗುರುತು. ಎಡಿಎಸ್ ೧೨೯೨ಆರ್ ಮತ್ತು ಮ್ಯಾಕ್ಸ್ ೩೦೦೦೩ ಚಿಪ್‌ಗಳಿಗೆ ಬೆಂಗಳೂರಿನ ಪ್ರೊಟೊಸೆಂಟ್ರಲ್ ಸಂಸ್ಥೆಯು ಫಲಕಗಳನ್ನು ನಿರ್ಮಿಸಿ, ಅವುಗಳ ವಿದ್ಯುನ್ಮಂಡಲದ ನಕ್ಷೆಗಳನ್ನು ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದೆ. ನಕ್ಷೆ ಬಯಲಾಗಿರುವುದರಿಂದ, ರಚಿಸಿದವರ ನಿರ್ಣಯಗಳನ್ನು ವಿದ್ಯಾರ್ಥಿಯು ಒಂದೊಂದಾಗಿ ಪರೀಕ್ಷಿಸಬಹುದು. ಇದು ಸಣ್ಣ ಲಾಭವಲ್ಲ.

ಎಡಿ ೮೨೩೨ ಚಿಪ್ ೪ ಮಿಲಿಮೀಟರ್ ಚೌಕದ್ದು. ಅದರ ೨೦ ಸಂಪರ್ಕಬಿಂದುಗಳು ಅಂಚಿನಲ್ಲಿ ಅರ್ಧ ಮಿಲಿಮೀಟರಿಗೊಂದರಂತೆ ನಿಂತಿವೆ. ಕೈಯಿಂದ ಬೆಸುಗೆ ಹಾಕುವುದು ಕಲಿಯುವವನಿಗೆ ಅಸಾಧ್ಯಪ್ರಾಯ. ಫಲಕದ ಮೊದಲ ಸೇವೆಯೆಂದರೆ, ಈ ಬಿಂದುಗಳಲ್ಲಿ ಅವಶ್ಯವಾದುವನ್ನು ೨.೫೪ ಮಿಲಿಮೀಟರ್ ಅಂತರದ ಕಡ್ಡಿಗಳಿಗೆ ಬಿಡಿಸಿ ಕೊಡುವುದು. ಎರಡನೆಯದು ವಿದ್ಯುತ್ ಪೂರೈಕೆ. ಮ್ಯಾಕ್ಸ್ ೩೦೦೦೩ ಚಿಪ್‌ನ ಒಳಭಾಗವು ೨ ವೋಲ್ಟಿಗೆ ಮೀರಿದ ಪೂರೈಕೆಯನ್ನು ಸಹಿಸದು. ವಿದ್ಯಾರ್ಥಿಗಳ ಬಳಿಯಿರುವ ನಿಯಂತ್ರಕಗಳಾದರೋ ೩.೩ ಅಥವಾ ೫ ವೋಲ್ಟಿನವು. ಆದುದರಿಂದ ವೋಲ್ಟೇಜನ್ನು ಇಳಿಸುವ ಘಟಕವನ್ನೂ ಸಂಜ್ಞೆಯ ಮಟ್ಟವನ್ನು ಹೊಂದಿಸುವ ಘಟಕವನ್ನೂ ಫಲಕದ ಮೇಲೆಯೇ ಇಡಬೇಕಾಗುವುದು. ಅದೇ ಚಿಪ್‌ಗೆ ಸೆಕೆಂಡಿಗೆ ೩೨,೭೬೮ ಬಾರಿ ಮಿಡಿಯುವ ಗಡಿಯಾರದ ಸಂಜ್ಞೆಯೂ ಬೇಕು. ಕೈಗಡಿಯಾರಗಳಲ್ಲಿ ಇರುವ ಸ್ಫಟಿಕದ ವೇಗವೂ ಇದೇ. ಬಡಿತಗಳ ಅಂತರವನ್ನು ಎಣಿಸುವ ಅಳತೆಗೋಲು ಇದೇ ಆದುದರಿಂದ ಇದರಲ್ಲಿ ಅಗ್ಗದ ಬದಲಿಯನ್ನು ಹುಡುಕುವುದು ತರವಲ್ಲ. ಮೂರನೆಯದಾಗಿ, ಪೂರೈಕೆಯ ಏರುಪೇರನ್ನು ತಡೆಯುವ ಧಾರಕಗಳು ಚಿಪ್‌ನ ಅಂಚಿಗೆ ತಗುಲಿದಂತೆ ಇರಬೇಕು. ಅಂಕಿಗಳನ್ನು ಸಾಗಿಸುವ ವೇಗದ ಗೆರೆಗಳು ಹೃದಯದ ಸಂಜ್ಞೆ ಬರುವ ಗೆರೆಗಳಿಂದ ದೂರವಿರಬೇಕು. ನಕ್ಷೆಯಲ್ಲಿ ಒಂದೇ ಆಗಿ ಕಾಣುವ ಎರಡು ಫಲಕಗಳು ಬಳಕೆಯಲ್ಲಿ ಬೇರೆಯಾಗುವುದಕ್ಕೆ ಈ ಸ್ಥಾನಭೇದವೇ ಅನೇಕ ವೇಳೆ ಕಾರಣ.

೩. ಒಂದು ಮಿಲಿವೋಲ್ಟಿನ ಸುತ್ತಲಿನ ಗದ್ದಲ

ಚರ್ಮದ ಮೇಲೆ ದೊರೆಯುವ ಆರ್ ಶಿಖರದ ಎತ್ತರ ಸುಮಾರು ೧ ಮಿಲಿವೋಲ್ಟ್. ಎಂದರೆ ವೋಲ್ಟಿನ ಸಾವಿರದಲ್ಲೊಂದು ಪಾಲು. ವೈದ್ಯರ ಕಾಗದದ ಮೇಲೆ ಇದನ್ನು ೧೦ ಮಿಲಿಮೀಟರ್ ಎತ್ತರಕ್ಕೆ ಬರೆಯುವುದು ಪದ್ಧತಿ. ಕಾಗದವು ಸೆಕೆಂಡಿಗೆ ೨೫ ಮಿಲಿಮೀಟರ್ ಚಲಿಸುವುದು. ಹೀಗಾಗಿ ಒಂದು ಸಣ್ಣ ಮನೆಯ ಎತ್ತರ ೦.೧ ಮಿಲಿವೋಲ್ಟ್, ಅಗಲ ೦.೦೪ ಸೆಕೆಂಡು. ಮುಂದೆ ಬರುವ ಲೆಕ್ಕಗಳಿಗೆಲ್ಲ ಈ ಸಣ್ಣ ಮನೆಯೇ ಮಾನದಂಡ.

ಈ ಕಿರುಸಂಜ್ಞೆಗೆ ಶತ್ರುಗಳು ಇಬ್ಬರು. ಮೊದಲನೆಯದು ಮನೆಯ ವಿದ್ಯುತ್ತು. ಗೋಡೆಯೊಳಗಿನ ತಂತಿಗಳಿಂದ ಮೈಗೆಲ್ಲ ಸಮಾನವಾಗಿ ಒಂದು ವೋಲ್ಟೇಜು ಹರಡಿಕೊಳ್ಳುವುದು. ನಮ್ಮ ದೇಶದಲ್ಲಿ ಅದರ ವೇಗ ಸೆಕೆಂಡಿಗೆ ೫೦ ಆವರ್ತಗಳು, ಅಮೆರಿಕದಲ್ಲಿ ೬೦. ಈ ಸಂಖ್ಯೆಗಳು ಪ್ರಕೃತಿನಿಯಮಗಳಲ್ಲ, ಇತಿಹಾಸದ ನಿರ್ಣಯಗಳು: ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ೨೫ ಆವರ್ತಗಳದಾಗಿತ್ತು. ಆದುದರಿಂದ ೬೦ ಆವರ್ತಗಳನ್ನು ತೊಡೆಯಲೆಂದು ಹೊಂದಿಸಿದ ಪರದೇಶದ ಫಲಕವೋ ಕ್ರಮವಿಧಿಯೋ ಇಲ್ಲಿ ಹಾಗೆಯೇ ಕೆಲಸಕ್ಕೆ ಬಾರದು.

ಎರಡು ಕೈಗಳಲ್ಲಿಯೂ ಸಮಾನವಾಗಿರುವ ಈ ವೋಲ್ಟೇಜನ್ನು ಕಳೆದು, ವ್ಯತ್ಯಾಸವನ್ನು ಮಾತ್ರ ವರ್ಧಿಸುವುದು ಚಿಪ್‌ನ ಕೆಲಸ. ಎಡಿ ೮೨೩೨ ಚಿಪ್‌ನ ಈ ಸಾಮರ್ಥ್ಯವನ್ನು ೮೦ ಡೆಸಿಬೆಲ್ ಎಂದು ಕೊಟ್ಟಿದ್ದಾರೆ. ಎಂದರೆ ಸಮಾನ ವೋಲ್ಟೇಜು ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಯುವುದು. ಮೈಮೇಲೆ ೧ ವೋಲ್ಟ್ ಇದ್ದರೆ ಗೆರೆಯಲ್ಲಿ ಉಳಿಯುವುದು ೦.೧ ಮಿಲಿವೋಲ್ಟ್: ಸರಿಯಾಗಿ ಒಂದು ಸಣ್ಣ ಮನೆ. ಸಾಮರ್ಥ್ಯವು ೧೦೦ ಡೆಸಿಬೆಲ್ ಆದರೆ ಉಳಿಯುವುದು ಮನೆಯ ಹತ್ತನೆಯ ಒಂದು ಪಾಲು. ಆದರೆ ಈ ಅಂಕಿಗಳು ಎರಡು ದಾರಿಗಳೂ ಸಮವಾಗಿದ್ದರೆ ಮಾತ್ರ ಸತ್ಯ. ಎರಡು ತಂತಿಗಳಲ್ಲಿ ಇಟ್ಟ ರೋಧಕಗಳು ಒಂದಕ್ಕೊಂದು ಹೊಂದದಿದ್ದರೆ, ಸಮಾನವಾದ ವೋಲ್ಟೇಜೇ ವ್ಯತ್ಯಾಸವಾಗಿ ಮಾರ್ಪಟ್ಟು ಚಿಪ್‌ನ ಶ್ರೇಷ್ಠತೆಯೆಲ್ಲ ವ್ಯರ್ಥವಾಗುವುದು. ಮೂರನೆಯ ವಿದ್ಯುದ್ವಾರವನ್ನು ಬಲಗಾಲಿಗೆ ಅಂಟಿಸುವುದೂ ಇದಕ್ಕಾಗಿಯೇ: ಸಮಾನ ವೋಲ್ಟೇಜನ್ನು ತಲೆಕೆಳಗು ಮಾಡಿ ಮೈಗೇ ಹಿಂದಿರುಗಿಸಿ ಅದನ್ನು ಮೂಲದಲ್ಲಿಯೇ ತಗ್ಗಿಸುವ ಉಪಾಯ ಅದು. ಈ ಮೂರನೆಯ ತಂತಿಯನ್ನು ಉಳಿತಾಯಕ್ಕಾಗಿ ಬಿಟ್ಟ ಫಲಕಗಳಿವೆ. ಓಡಿ ಬಂದ ವಿದ್ಯಾರ್ಥಿಯ ಬಡಿತವನ್ನು ಎಣಿಸಲು ಅವು ಸಾಕಾಗಬಹುದು.

ಎರಡನೆಯ ಶತ್ರು ವಿದ್ಯುದ್ವಾರವೇ. ಲೋಹವೂ ಚರ್ಮದ ಲವಣವೂ ಕೂಡಿದಲ್ಲಿ ಒಂದು ಸಣ್ಣ ಕೋಶವೇ ಏರ್ಪಟ್ಟು, ಎರಡು ವಿದ್ಯುದ್ವಾರಗಳ ನಡುವೆ ೩೦೦ ಮಿಲಿವೋಲ್ಟುಗಳವರೆಗೆ ಸ್ಥಿರವಾದ ವ್ಯತ್ಯಾಸ ಬರಬಹುದೆಂದು ಎಣಿಸಿಯೇ ಉಪಕರಣಗಳನ್ನು ರಚಿಸುತ್ತಾರೆ. ೧ ಮಿಲಿವೋಲ್ಟಿನ ಹೃದಯಸಂಜ್ಞೆಯು ಇದರ ಬೆನ್ನ ಮೇಲೆ ಕುಳಿತು ಬರುವುದು. ಮೈ ಅಲುಗಿದಾಗ, ಉಸಿರೆಳೆದಾಗ ಇದು ಮೆಲ್ಲನೆ ಏರಿಳಿಯುವುದು. ಇದನ್ನು ಎಲ್ಲಿ, ಯಾವಾಗ ತೊಡೆಯಬೇಕೆಂಬುದೇ ಫಲಕದ ರಚನೆಯ ಮುಖ್ಯ ನಿರ್ಣಯ.

೪. ಶೋಧಕದ ಪ್ರಶ್ನೆ

ಮೆಲ್ಲನೆಯ ಏರಿಳಿತವನ್ನು ತೊಡೆಯುವ ಸುಲಭ ಉಪಾಯವೆಂದರೆ, ಒಂದು ಮಿತಿಗಿಂತ ನಿಧಾನವಾದುದನ್ನೆಲ್ಲ ತಡೆಯುವ ಶೋಧಕವನ್ನು ಫಲಕದಲ್ಲಿ ಇಡುವುದು. ಎಡಿ ೮೨೩೨ ಚಿಪ್‌ನ ತಯಾರಕರು ಸೂಚಿಸಿ, ಹಲವು ಫಲಕಗಳು ಅನುಸರಿಸಿರುವ ಒಂದು ಕ್ರಮದಲ್ಲಿ ಕೆಳಮಿತಿ ೦.೫ ಹರ್ಟ್ಸ್, ಮೇಲ್ಮಿತಿ ೪೦ ಹರ್ಟ್ಸ್, ಒಟ್ಟು ವರ್ಧನ ೧೧೦೦. ಗೆರೆ ಬಹಳ ಅಂದವಾಗಿ, ನೆಟ್ಟಗೆ ಬರುವುದು. ಬಡಿತವನ್ನು ಎಣಿಸುವವನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಆದರೆ ರೈತನ ಪ್ರಶ್ನೆ ಬೇರೆ. ಹೃದಯದ ಅಪಧಮನಿಯೊಂದು ಪೂರ್ಣವಾಗಿ ಕಟ್ಟಿಹೋದಾಗ, ಎಸ್ ಮತ್ತು ಟಿಗಳ ನಡುವಣ ಸಮತಟ್ಟಾದ ಭಾಗವು ಮೂಲರೇಖೆಯಿಂದ ಮೇಲಕ್ಕೆ ಏಳುವುದು. ನೆರೆಹೊರೆಯ ಎರಡು ಲೀಡ್‌ಗಳಲ್ಲಿ ೦.೧ ಮಿಲಿವೋಲ್ಟಿನಷ್ಟು, ಎಂದರೆ ಒಂದು ಸಣ್ಣ ಮನೆಯಷ್ಟು, ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಅರ್ಥಪೂರ್ಣವೆಂದು ಎಣಿಸುತ್ತಾರೆ. ಎದೆಯ ಕೆಲವು ಲೀಡ್‌ಗಳಲ್ಲಿ ಈ ಮಿತಿ ಇನ್ನೂ ಹೆಚ್ಚು. ಈ ಏರಿಕೆಯು ನಿಧಾನವಾದ ಸಂಗತಿ. ಶೋಧಕವು ತೊಡೆಯಲು ಹೊರಟಿರುವುದೂ ನಿಧಾನವಾದುದನ್ನೇ.

ಸರಳವಾದ ಒಂದು ಲೆಕ್ಕ ಮಾಡಿ ನೋಡೋಣ. ೦.೫ ಹರ್ಟ್ಸ್ ಮಿತಿಯ ಒಂದೇ ಹಂತದ ಶೋಧಕದ ಕಾಲಾಂಕ ಸುಮಾರು ೦.೩೨ ಸೆಕೆಂಡು. ಅದರ ಮುಂದೆ ಮೆಟ್ಟಿಲಿನಂತೆ ಒಮ್ಮೆಲೇ ೧ ಮಿಲಿಮೀಟರ್ ಏರಿ ನಿಂತ ಸಂಜ್ಞೆಯನ್ನು ಇಟ್ಟರೆ, ೦.೧ ಸೆಕೆಂಡಿನ ಕೊನೆಗೆ ಅದು ೦.೭೩ ಮಿಲಿಮೀಟರಿಗೆ ಇಳಿದಿರುವುದು. ಕಾಲು ಭಾಗಕ್ಕಿಂತ ಹೆಚ್ಚು ಮಾಯವಾಯಿತು. ಮಿತಿಯನ್ನು ಮುಟ್ಟಿದ್ದ ಗೆರೆ ಮಿತಿಯ ಕೆಳಗೆ ಬಿದ್ದಿತು. ಅದೇ ಮಿತಿಯನ್ನು ೦.೦೫ ಹರ್ಟ್ಸ್ ಮಾಡಿದರೆ ಕಾಲಾಂಕವು ೩.೨ ಸೆಕೆಂಡಾಗಿ, ಅಷ್ಟೇ ಹೊತ್ತಿನಲ್ಲಿ ಕಳೆದುಹೋಗುವುದು ನೂರಕ್ಕೆ ೩ ಪಾಲು ಮಾತ್ರ. ನಿಜವಾದ ಹೃದಯಸಂಜ್ಞೆಯು ಇಂತಹ ಒಂಟಿ ಮೆಟ್ಟಿಲಲ್ಲ. ಎತ್ತರವಾದ ಆರ್ ಶಿಖರ ಹಾದುಹೋದ ಮೇಲೆ ಶೋಧಕವು ಗೆರೆಯನ್ನು ಮೂಲರೇಖೆಯ ಕೆಳಕ್ಕೆ ತಳ್ಳುವುದೂ ಉಂಟು. ಹೀಗಾಗಿ ಇದ್ದ ಏರಿಕೆ ಅಡಗಬಹುದು, ಇಲ್ಲದ ತಗ್ಗು ತೋರಬಹುದು. ಈ ಕಾರಣದಿಂದಲೇ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ೨೦೦೭ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ, ರೋಗನಿರ್ಣಯದ ಗೆರೆಗೆ ಕೆಳಮಿತಿ ೦.೦೫ ಹರ್ಟ್ಸ್ ಇರಬೇಕೆಂದೂ, ಕಾಲವ್ಯತ್ಯಾಸವನ್ನು ಉಂಟುಮಾಡದ ಅಂಕೀಯ ಶೋಧಕವಾದರೆ ೦.೬೭ ಹರ್ಟ್ಸ್‌ವರೆಗೆ ಸಡಿಲಿಸಬಹುದೆಂದೂ, ವಯಸ್ಕರಲ್ಲಿ ಮೇಲ್ಮಿತಿ ೧೫೦ ಹರ್ಟ್ಸ್‌ಗೆ ಕಡಿಮೆಯಿರಬಾರದೆಂದೂ ಹೇಳಿವೆ.

ಹಾಗಾದರೆ ಎಲ್ಲ ಫಲಕಗಳಲ್ಲಿಯೂ ಮಿತಿಯನ್ನು ೦.೦೫ ಹರ್ಟ್ಸ್‌ಗೆ ಏಕೆ ಇಳಿಸಬಾರದು? ಅದಕ್ಕೂ ಬೆಲೆ ತೆರಬೇಕು. ವಿದ್ಯುದ್ವಾರವು ಒಮ್ಮೆ ಕದಲಿದರೆ ಗೆರೆಯು ಕಾಗದದಿಂದಾಚೆಗೆ ಹಾರಿ, ಮರಳಿ ನೆಲೆಗೊಳ್ಳಲು ಹತ್ತಾರು ಸೆಕೆಂಡು ಹಿಡಿಯಬಹುದು. ಓಡಿ ಬಂದು ಏದುಸಿರು ಬಿಡುವ ವಿದ್ಯಾರ್ಥಿಯ ಮೇಲೆ ಅಂತಹ ಫಲಕ ನಿಷ್ಪ್ರಯೋಜಕ. ೦.೫ ಹರ್ಟ್ಸ್ ಮಿತಿಯು ತಪ್ಪಲ್ಲ, ಅದು ಮೊದಲನೆಯ ಪ್ರಶ್ನೆಗೆ ತಕ್ಕ ಉತ್ತರ. ಅದನ್ನು ಎರಡನೆಯ ಪ್ರಶ್ನೆಗೆ ಉತ್ತರವೆಂದು ಹಿಡಿದುಕೊಂಡು ಹೋಗುವುದು ಮಾತ್ರ ತಪ್ಪು.

೫. ಮೂಲವನ್ನು ಉಳಿಸುವ ದಾರಿ

ಎಡಿಎಸ್ ೧೨೯೨ಆರ್ ಮಾದರಿಯ ಚಿಪ್‌ಗಳು ಹಿಡಿದಿರುವ ದಾರಿ ಬೇರೆ. ಅವು ಸ್ಥಿರವಾದ ವ್ಯತ್ಯಾಸವನ್ನು ಮೊದಲೇ ತೊಡೆಯದೆ, ಅದರೊಡನೆ ಕೂಡಿದ ಸಂಜ್ಞೆಯನ್ನೇ ಅಂಕಿಗಳಾಗಿ ದಾಖಲಿಸಿ, ತಿದ್ದುವ ಕೆಲಸವನ್ನು ಆಮೇಲಿನ ಗಣಿತಕ್ಕೆ ಬಿಡುತ್ತವೆ. ಇದಕ್ಕೆ ಸೂಕ್ಷ್ಮವಾದ ಅಳತೆ ಬೇಕು. ಎರಡು ದಿಕ್ಕಿಗೂ ೩೦೦ ಮಿಲಿವೋಲ್ಟುಗಳ ಹರಹಿನಲ್ಲಿ ೧ ಮೈಕ್ರೋವೋಲ್ಟನ್ನು ಗುರುತಿಸಬೇಕಾದರೆ ಆರು ಲಕ್ಷ ಮೆಟ್ಟಿಲುಗಳು ಬೇಕು. ಎಂದರೆ ಸುಮಾರು ೨೦ ಬಿಟ್‌ಗಳು. ೨೪ ಬಿಟ್‌ಗಳ ಚಿಪ್ ಇರುವುದು ಇದಕ್ಕಾಗಿ. ವರ್ಧನವನ್ನು ೬ ಎಂದು ಇಟ್ಟಾಗ ಅದರ ಒಂದು ಮೆಟ್ಟಿಲು ೦.೦೫ ಮೈಕ್ರೋವೋಲ್ಟಿನಷ್ಟು ಕಿರಿದು. ಆದರೆ ಚಿಪ್‌ನ ಸ್ವಂತ ಗದ್ದಲವೇ ಹಲವು ಮೈಕ್ರೋವೋಲ್ಟುಗಳಷ್ಟು ಇರುವುದರಿಂದ ಕೆಳಗಿನ ಬಿಟ್‌ಗಳಲ್ಲಿ ಅರ್ಥವಿಲ್ಲ. ಬಿಟ್‌ಗಳ ಸಂಖ್ಯೆಯನ್ನೇ ನಿಖರತೆಯೆಂದು ಭಾವಿಸುವುದು ಪುಟಗಳ ಸಂಖ್ಯೆಯನ್ನೇ ಪಾಂಡಿತ್ಯವೆಂದು ಭಾವಿಸಿದಂತೆ.

ವರ್ಧನವನ್ನು ಹೆಚ್ಚಿಸಿದಷ್ಟೂ ಒಳ್ಳೆಯದೆಂಬ ಎಣಿಕೆಯೂ ಇಲ್ಲಿ ನಿಲ್ಲದು. ಚಿಪ್‌ನ ಒಳಗಿನ ಮಾನಕ ವೋಲ್ಟೇಜು ೨.೪೨. ವರ್ಧನ ೬ ಇದ್ದರೆ ಅಳೆಯಬಹುದಾದ ಹರಹು ಎರಡು ದಿಕ್ಕಿಗೂ ಸುಮಾರು ೪೦೦ ಮಿಲಿವೋಲ್ಟ್. ವರ್ಧನವನ್ನು ೧೨ ಮಾಡಿದರೆ ಅದು ೨೦೦ಕ್ಕೆ ಇಳಿಯುವುದು. ವಿದ್ಯುದ್ವಾರಗಳ ವ್ಯತ್ಯಾಸ ೩೦೦ ಮುಟ್ಟಿದರೆ ಗೆರೆಯು ಮೇಲ್ಮಿತಿಗೆ ತಾಗಿ ಅಲ್ಲಿಯೇ ನಿಂತುಬಿಡುವುದು.

ಹಸ್ತಪ್ರತಿಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಈ ದಾರಿ ಹೊಸದಲ್ಲ. ಪ್ರತಿಯಲ್ಲಿರುವುದನ್ನು ಇದ್ದಂತೆಯೇ ಮೊದಲು ಬರೆದುಕೊಳ್ಳಬೇಕು. ತಿದ್ದುಪಡಿಯನ್ನು ಆಮೇಲೆ, ಬೇರೆಯಾಗಿ, ಕಾರಣಸಹಿತವಾಗಿ ಸೂಚಿಸಬೇಕು. ಬರೆದುಕೊಳ್ಳುವಾಗಲೇ ತಿದ್ದಿಬಿಟ್ಟರೆ ಮೂಲಪಾಠವು ಎಂದೆಂದಿಗೂ ಕೈತಪ್ಪುವುದು. ಫಲಕದ ಮೇಲಿನ ಶೋಧಕವು ಬರೆದುಕೊಳ್ಳುವಾಗಲೇ ತಿದ್ದುವ ಲಿಪಿಕಾರ. ಅಂಕಿಗಳಾಗಿ ಉಳಿಸಿ ಆಮೇಲೆ ಶೋಧಿಸುವುದು ಸಂಪಾದಕನ ಮಾರ್ಗ.

೬. ಎಷ್ಟು ಕಣ್ಣುಗಳು?

ಒಂದು ಲೀಡ್ ಎಂದರೆ ಹೃದಯವನ್ನು ಒಂದು ದಿಕ್ಕಿನಿಂದ ನೋಡುವ ಕಣ್ಣು. ಎರಡು ಕೈ, ಒಂದು ಕಾಲುಗಳಿಂದ ಐಂಥೋವನ್ ಮೂರು ಲೀಡ್‌ಗಳನ್ನು ಕಲ್ಪಿಸಿದನು. ೧೯೩೪ರಲ್ಲಿ ಫ್ರಾಂಕ್ ವಿಲ್ಸನ್ ರೂಪಿಸಿದ ಮಧ್ಯಬಿಂದುವಿನ ಆಧಾರದಿಂದ ಎದೆಯ ಆರು ಲೀಡ್‌ಗಳೂ, ೧೯೪೨ರ ಇಮ್ಯಾನುಯೆಲ್ ಗೋಲ್ಡ್‌ಬರ್ಗರ್‌ನ ಕ್ರಮದಿಂದ ಇನ್ನು ಮೂರೂ ಸೇರಿ ಇಂದಿನ ೧೨ ಲೀಡ್‌ಗಳಾದುವು. ಆದರೆ ೧೨ ಲೀಡ್‌ಗಳಿಗೆ ೧೨ ಮಾಪಕಗಳು ಬೇಕಿಲ್ಲ. ಎರಡನೆಯ ಲೀಡ್‌ನಿಂದ ಒಂದನೆಯದನ್ನು ಕಳೆದರೆ ಮೂರನೆಯದು ಬರುವುದು. ಗೋಲ್ಡ್‌ಬರ್ಗರ್‌ನ ಮೂರನ್ನೂ ಈ ಎರಡರಿಂದಲೇ ಗಣಿಸಬಹುದು. ಆದುದರಿಂದ ಒಂದನೆಯ ಮತ್ತು ಎರಡನೆಯ ಲೀಡ್‌ಗಳು, ಎದೆಯ ಆರು, ಒಟ್ಟು ಎಂಟು ಮಾಪಕಗಳು ಸಾಕು. ಎಡಿಎಸ್ ೧೨೯೮ ಎಂಬ ಚಿಪ್‌ಗೆ ಎಂಟು ಮಾಪಕಗಳಿರುವುದರ ರಹಸ್ಯ ಇದೇ. ವಿಲ್ಸನ್ನನ ಮಧ್ಯಬಿಂದುವೂ ಅದರೊಳಗೆ ಇದೆ.

ಎರಡು ಮಾಪಕಗಳ ಫಲಕವು ಕೈಕಾಲುಗಳ ಆರು ಲೀಡ್‌ಗಳನ್ನು ಕೊಡಬಲ್ಲುದು. ಹೃದಯದ ಕೆಳಗೋಡೆಯ ಆಘಾತದ ಸುಳಿವು ಅವುಗಳಲ್ಲಿ ದೊರೆಯಬಹುದು. ಮುಂಗೋಡೆಯನ್ನು ನೇರವಾಗಿ ನೋಡುವುವು ಎದೆಯ ಲೀಡ್‌ಗಳು. ಒಂದೇ ಲೀಡ್‌ನ ಫಲಕವಂತೂ ಒಂದೇ ಕಿಟಕಿಯ ಮನೆಯಿದ್ದಂತೆ. ಅದರ ಗೆರೆ ಸರಿಯಾಗಿರುವುದನ್ನು ಕಂಡು ಎದೆನೋವಿನವನಿಗೆ ಏನೂ ಇಲ್ಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

೭. ತಂತಿ, ಬಣ್ಣ, ಕೀಲು

ಕಲಿಕೆಯ ಫಲಕಗಳಲ್ಲಿ ಮೂರು ತಂತಿಗಳನ್ನು ಕೂಡಿಸಲು ೩.೫ ಮಿಲಿಮೀಟರಿನ ಕೀಲನ್ನು ಬಳಸುವುದು ರೂಢಿ. ಅಗ್ಗ, ಸುಲಭ, ಎಲ್ಲೆಡೆಯೂ ದೊರೆಯುವಂತಹುದು. ಕಿವಿಗೆ ಇಟ್ಟುಕೊಳ್ಳುವ ಧ್ವನಿಯಂತ್ರದ ಕೀಲೇ ಇದು. ದೋಷವೂ ಅಲ್ಲಿಯೇ ಇದೆ: ಮೈಗೆ ಅಂಟಿದ ತಂತಿಯ ತುದಿಯು ಬೇರೆ ಯಾವುದೋ ಯಂತ್ರಕ್ಕೆ ಸೇರಿಕೊಳ್ಳಬಲ್ಲುದು. ಇದು ಕೇವಲ ಕಲ್ಪನೆಯ ಭಯವಲ್ಲ. ತೆರೆದ ಲೋಹದ ತುದಿಯ ತಂತಿಗಳು ಮನೆಯ ವಿದ್ಯುತ್ತಿಗೆ ಸೇರಿ ಮಕ್ಕಳು ಸತ್ತ ದುರ್ಘಟನೆಗಳು ನಡೆದ ಮೇಲೆ, ೧೯೯೭ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರೋಗಿಯ ತಂತಿಗಳ ತುದಿಯನ್ನು ಮುಚ್ಚಿದಂತೆಯೇ ಮಾಡಬೇಕೆಂದು ನಿಯಮ ಮಾಡಿತು. ಕೀಲಿನ ಆಕಾರವೂ ಪ್ರಾಣದ ಪ್ರಶ್ನೆಯಾಗಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ತಂತಿಗಳಲ್ಲಿ ಇಡುವ ದೊಡ್ಡ ರೋಧಕಗಳು ಎರಡನೆಯ ಕಾವಲು. ಹೃದಯಕ್ಕೆ ನೇರವಾಗಿ ತಗಲುವ ಉಪಕರಣಗಳಲ್ಲಿ ಸಹಜಸ್ಥಿತಿಯ ಸೋರಿಕೆಯು ೧೦ ಮೈಕ್ರೋ ಆಂಪಿಯರ್‌ಗೆ ಮೀರಬಾರದೆಂಬುದು ಅಂತರರಾಷ್ಟ್ರೀಯ ಮಿತಿ. ೩.೩ ವೋಲ್ಟಿನ ಪೂರೈಕೆಯು ಕೆಟ್ಟು ನೇರವಾಗಿ ಮೈಗೆ ಬಂದರೂ, ದಾರಿಯಲ್ಲಿ ೩೬೦ ಕಿಲೋ ಓಮ್‌ಗಳ ರೋಧಕವಿದ್ದರೆ ಹರಿಯುವುದು ಸುಮಾರು ೯ ಮೈಕ್ರೋ ಆಂಪಿಯರ್ ಮಾತ್ರ. ರೋಧಕ ದೊಡ್ಡದಾದಷ್ಟೂ ಗದ್ದಲ ಹೆಚ್ಚುವುದೆಂಬುದು ನಿಜ. ಆದರೆ ಇಲ್ಲಿ ಅಂದವಾದ ಗೆರೆಗಾಗಿ ಕಾವಲನ್ನು ಕಡಿಮೆ ಮಾಡುವಂತಿಲ್ಲ. ಈ ಲೆಕ್ಕವು ಫಲಕದ ಪೂರೈಕೆಗೆ ಮಾತ್ರ ಅನ್ವಯಿಸುವುದೆಂಬುದನ್ನೂ ನೆನಪಿಡಬೇಕು. ಗೋಡೆಯ ವಿದ್ಯುತ್ತಿಗೆ ಕೂಡಿಸಿದ ಗಣಕಯಂತ್ರಕ್ಕೆ ಫಲಕವನ್ನು ಸೇರಿಸಿದಾಗ ರಕ್ಷಣೆಯು ಅದರ ಚಾರ್ಜರಿನ ಗುಣವನ್ನು ಅವಲಂಬಿಸಿದೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಮನುಷ್ಯರ ಮೇಲೆ ಅಳೆಯುವಾಗ ಬ್ಯಾಟರಿಯನ್ನು ಮಾತ್ರ ಬಳಸಬೇಕು.

ಬಣ್ಣಗಳ ವಿಷಯವೂ ಸಣ್ಣದಲ್ಲ. ಅಂತರರಾಷ್ಟ್ರೀಯ ಕ್ರಮದಲ್ಲಿ ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಅಮೆರಿಕದ ಕ್ರಮದಲ್ಲಿ ಬಲಗೈ ಬಿಳಿ, ಎಡಗೈ ಕಪ್ಪು, ಎಡಗಾಲು ಕೆಂಪು, ಬಲಗಾಲು ಹಸಿರು. ಕೆಂಪು, ಕಪ್ಪು, ಹಸಿರು ಮೂರೂ ಎರಡು ಕ್ರಮಗಳಲ್ಲಿವೆ, ಮೂರಕ್ಕೂ ಬೇರೆ ಬೇರೆ ಅರ್ಥವಿದೆ. ಎರಡು ಕೈಗಳು ಅದಲುಬದಲಾದರೆ ಒಂದನೆಯ ಲೀಡ್ ತಲೆಕೆಳಗಾಗುವುದು. ಆದುದರಿಂದ ಬಣ್ಣವನ್ನು ನಂಬದೆ ಅಂಗದ ಹೆಸರನ್ನೇ ಫಲಕದ ಮೇಲೆ ಅಚ್ಚು ಹಾಕುವುದು ಉತ್ತಮ. ಕನ್ನಡದಲ್ಲಿಯೇ ಹಾಕಿದರೆ ಇನ್ನೂ ಉತ್ತಮ.

೮. ಕರ್ನಾಟಕದ ಅನುಭವ

ಪ್ರಶ್ನೆಗೆ ತಕ್ಕಂತೆ ಉಪಕರಣವನ್ನು ರೂಪಿಸಿದ ಪ್ರಸಿದ್ಧ ಉದಾಹರಣೆಯೊಂದು ನಮ್ಮ ರಾಜ್ಯದಲ್ಲಿಯೇ ಇದೆ. ೨೦೦೦ರ ದಶಕದ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಬೆಂಗಳೂರಿನ ತಂತ್ರಜ್ಞರು ಹಳ್ಳಿಗಳ ವೈದ್ಯರಿಗಾಗಿ ಮ್ಯಾಕ್ ೪೦೦ ಎಂಬ, ಕೈಯಲ್ಲಿ ಒಯ್ಯಬಹುದಾದ ಇ.ಸಿ.ಜಿ. ಯಂತ್ರವನ್ನು ರಚಿಸಿದರು. ಅದರ ಮುದ್ರಕವನ್ನು ಬಸ್ ಟಿಕೆಟ್ ಕೊಡುವ ಯಂತ್ರಗಳ ಮುದ್ರಕದಿಂದ ಅಳವಡಿಸಿಕೊಂಡರು. ಬ್ಯಾಟರಿಯಿಂದ ನಡೆಯುವಂತೆ ಮಾಡಿದರು. ಗುಂಡಿಗಳ ಸಂಖ್ಯೆಯನ್ನು ಕಡಿಮೆ ಮಾಡಿದರು. ಧೂಳು, ಬಿಸಿಲು, ಅಲುಗಾಟಗಳನ್ನು ಬಸ್ಸಿನ ಯಂತ್ರವು ಆಗಲೇ ಸಹಿಸಿ ತೋರಿಸಿದ್ದುದರಿಂದ ಆ ಆಯ್ಕೆ ಸಾರ್ಥಕವಾಯಿತು. ಬೆಲೆಯನ್ನು ಇಳಿಸಿದುದು ಮುದ್ರಕ, ಪರದೆ, ಗುಂಡಿಗಳಲ್ಲಿ. ೧೨ ಲೀಡ್‌ಗಳನ್ನು ಬಿಟ್ಟುಕೊಡಲಿಲ್ಲ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬ ವಿವೇಕ ಅದರಲ್ಲಿ ಕಾಣುವುದು.

ಕರ್ನಾಟಕ ಸರ್ಕಾರವು ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಗೆರೆಯನ್ನು ದೂರದ ಕೇಂದ್ರದಲ್ಲಿ ಪರೀಕ್ಷಿಸಿ, ಹೃದಯಾಘಾತವೆಂದು ಕಂಡುಬಂದರೆ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆಯಿದೆ. ಲೈಡನ್ನಿನ ಒಂದೂವರೆ ಕಿಲೋಮೀಟರಿನ ತಂತಿಯ ಕಲ್ಪನೆಯೇ ಇಲ್ಲಿ ನೂರಾರು ಕಿಲೋಮೀಟರುಗಳಿಗೆ ಬೆಳೆದಿದೆ. ದೂರದಲ್ಲಿ ಕುಳಿತ ತಜ್ಞನಿಗೆ ರೋಗಿಯ ಮುಖ ಕಾಣದು. ಆತನ ಮುಂದೆ ಇರುವುದು ಗೆರೆ ಮಾತ್ರ. ಆ ಗೆರೆಯನ್ನು ಬರೆದ ಉಪಕರಣದ ಪ್ರಾಮಾಣಿಕತೆಯ ಮೇಲೆ ಚುಚ್ಚುಮದ್ದಿನ ನಿರ್ಣಯವು ನಿಂತಿದೆ.

ಮೇಲಿನ ವಿಚಾರಗಳಿಂದ ಕಾಲೇಜುಗಳ ಮಟ್ಟಿಗೆ ಒಂದು ಸಣ್ಣ ನಿಯಮವನ್ನು ಸೂಚಿಸಬಹುದು. ಶಾಸನಗಳ ಕೊನೆಯಲ್ಲಿ ಬರೆದಾತನ ಹೆಸರನ್ನೂ ಕಂಡರಿಸಿದ ರೂವಾರಿಯ ಹೆಸರನ್ನೂ ಅನೇಕ ವೇಳೆ ಕಾಣುತ್ತೇವೆ. ವಿದ್ಯಾರ್ಥಿಯು ಫಲಕದಿಂದ ಪಡೆದ ಪ್ರತಿಯೊಂದು ಗೆರೆಯ ಕೆಳಗೂ ಐದು ಸಂಗತಿಗಳನ್ನು ಬರೆಯಲಿ: ಯಾವ ಚಿಪ್ ಮತ್ತು ಫಲಕ, ಯಾವ ಲೀಡ್, ಶೋಧಕದ ಎರಡು ಮಿತಿಗಳು, ವರ್ಧನ, ಸೆಕೆಂಡಿಗೆ ಎಷ್ಟು ಅಳತೆಗಳು. ಇವಿಲ್ಲದ ಗೆರೆಯನ್ನು ಹೋಲಿಕೆಗಾಗಲಿ ಪ್ರಬಂಧಕ್ಕಾಗಲಿ ಸ್ವೀಕರಿಸಬಾರದು. ಜೊತೆಗೆ ಆರನೆಯದಾಗಿ, ಈ ಫಲಕವು ಯಾವ ಪ್ರಶ್ನೆಗೆ ಉತ್ತರ ಕೊಡಲಾರದು ಎಂಬುದನ್ನೂ ಒಂದು ವಾಕ್ಯದಲ್ಲಿ ಬರೆಯಿಸಬೇಕು. ಕೆರೆಯ ಏರಿಯ ಓಟಗಾರನಿಗೆ ಆ ವಾಕ್ಯದಿಂದ ನಷ್ಟವೇನೂ ಇಲ್ಲ. ಎದೆನೋವಿನವನ ಬಳಿಯಲ್ಲಿ ಇಂತಹ ಫಲಕವೊಂದು ಯಾರ ಕೈಯಲ್ಲಾದರೂ ಇದ್ದ ಪಕ್ಷದಲ್ಲಿ, ಅದನ್ನು ಬದಿಗಿಟ್ಟು ೧೨ ಲೀಡ್‌ಗಳ ಯಂತ್ರವಿರುವ ಆಸ್ಪತ್ರೆಗೆ ಒಡನೆಯೇ ಹೊರಡಬೇಕೆಂಬ ತಿಳಿವಳಿಕೆಯು ಆ ವಾಕ್ಯದಿಂದ ಬರುವುದು.